ಸುಣ್ಣದ ಕಲ್ಲಿನ ಮೇಲೆ ಭೀಮೆ

ಫರಸಿ ನೆಲದ ಮೇಲೆ ನಿಂಬೆಹುಳಿ ಬಿದ್ದರೆ ಕೂಡಲೇ ಒರೆಸಬೇಕು. ಕಲಬುರಗಿ ಕಡೆಯ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತು. ಸ್ವಲ್ಪ ತಡವಾದರೂ ಸಾಕು, ಹೊಳಪಿನ ಕಲ್ಲಿನ ಮೇಲೆ ಮಂಕಾದ ಕಲೆ ಉಳಿದುಬಿಡುತ್ತದೆ. ಎಷ್ಟು ತಿಕ್ಕಿದರೂ ಹೋಗಲ್ಲ. ಹುಳಿ ಅಷ್ಟರಲ್ಲಿ ಕಲ್ಲನ್ನೇ ಒಂದಿಷ್ಟು ತಿಂದುಹಾಕಿರುತ್ತದೆ.

ಫರಸಿಗೆ ಹಾಸುವ ಶಹಾಬಾದ್ ಕಲ್ಲು ಅಂದರೆ ಸುಣ್ಣದ ಕಲ್ಲು, ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. 50 ಕೋಟಿ ವರ್ಷಗಳಿಗೂ ಹಿಂದೆ ಇಲ್ಲೊಂದು ಆಳವಿಲ್ಲದ ಸಮುದ್ರ ಇತ್ತು. ಅದರ ತಳದಲ್ಲಿ ಸಣ್ಣ ಸಣ್ಣ ಕಣಗಳು ಪದರ ಪದರವಾಗಿ ಕೂತು ಗಟ್ಟಿಯಾದ ಕಲ್ಲಿದು. ಅದಕ್ಕೇ ಗಣಿಯಲ್ಲಿ ಹಲಗೆ ಹಲಗೆಯಾಗಿ ಏಳುತ್ತದೆ. ಭೂವಿಜ್ಞಾನಿಗಳು ಈ ಕಲ್ಲಿನ ಸೀಮೆಗೆ ಭೀಮಾ ಬೇಸಿನ್ ಅಂತಲೇ ಹೆಸರಿಟ್ಟಿದ್ದಾರೆ.

ಮಳೆಹನಿ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗಿಯೇ ನೆಲಕ್ಕೆ ಬೀಳುತ್ತದೆ. ಮಣ್ಣಿನೊಳಗೆ ಇಳಿದಾಗ ಹುಳಿ ಇನ್ನೂ ಜಾಸ್ತಿಯಾಗುತ್ತದೆ. ಆ ನೀರು ಕಲ್ಲನ್ನು ನಿಧಾನಕ್ಕೆ ಕರಗಿಸಿ, ಕ್ಯಾಲ್ಸಿಯಂ ಹೊತ್ತುಕೊಂಡು ಬಾವಿಗೆ, ಬೋರಿಗೆ, ಕಾಗಿಣಾ ನದಿಗೆ, ಕೊನೆಗೆ ಭೀಮೆಗೆ ಸೇರುತ್ತದೆ. ನಮ್ಮ ಬೋರ್ ನೀರಿನಲ್ಲಿ ಸಾಬೂನಿನ ನೊರೆ ಸರಿಯಾಗಿ ಬರೋದಿಲ್ಲ, ಅಲ್ವಾ? ಬಕೆಟ್ಟಿನ ಅಂಚಿಗೆ ಬಿಳಿ ಜಿಡ್ಡು ಕಟ್ಟುತ್ತದೆ. ಸಾಬೂನಿನಲ್ಲಿರುವ ಕೊಬ್ಬಿನ ಆಮ್ಲವೂ ನೀರಿನಲ್ಲಿರುವ ಕ್ಯಾಲ್ಸಿಯಂ ಕೂಡ ಸೇರಿ ಆದ ವಸ್ತು ಅದು. ನೀರಿನಲ್ಲಿ ಕರಗೋದೇ ಇಲ್ಲ. ಇಂಥ ನೀರಿನಲ್ಲಿ ತೊಗರಿಬೇಳೆ ಬೇಗ ಬೇಯದಿರುವುದಕ್ಕೂ ಇದೇ ಕ್ಯಾಲ್ಸಿಯಂ ಕಾರಣ. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿರುವ ಪೆಕ್ಟಿನ್ನನ್ನು ಅದು ಬಿಗಿ ಮಾಡುತ್ತದೆ. ತೊಗರಿಯ ನಾಡಿನ ನೀರಿಗೇ ಈ ಗುಣ!

ಹುಳಿ ತಾಗಿದರೆ ಕರಗುತ್ತದೆ, ಕೊಬ್ಬು ತಾಗಿದರೆ ಹಿಡಿದುಕೊಳ್ಳುತ್ತದೆ. ಸುಣ್ಣದ ಕಲ್ಲಿನ ಈ ಎರಡು ಗುಣಗಳನ್ನು ನಂಬಿಕೊಂಡೇ ಕಲ್ಲಚ್ಚು, ಅಂದರೆ ಲಿಥೋಗ್ರಫಿ, ನಡೆಯುತ್ತದೆ. ಭೀಮೆಯ ಮೇಲೆ ಪ್ರೀತಿ ಇಟ್ಟುಕೊಂಡು ಅದರ ಚಿತ್ರ ಅಚ್ಚು ಹಾಕಬೇಕು ಅನ್ನುವ ಕಲಾವಿದರಿಗೆ ಇದಕ್ಕಿಂತ ಹತ್ತಿರದ ಮಾಧ್ಯಮ ನನಗಂತೂ ಕಾಣೋದಿಲ್ಲ.

ಇದನ್ನು ಕಂಡುಹಿಡಿದವನು ಜರ್ಮನಿಯ ಬವೇರಿಯಾದ ಅಲೋಯಿಸ್ ಸೆನೆಫೆಲ್ಡರ್. ನಾಟಕ ಬರೆಯುತ್ತಿದ್ದವನು. ಅಚ್ಚು ಹಾಕಿಸಲು ದುಡ್ಡಿಲ್ಲದೆ ಅಗ್ಗದ ದಾರಿ ಹುಡುಕುತ್ತಿದ್ದ. ಒಮ್ಮೆ ಒಗೆಯಲು ಕೊಡುವ ಬಟ್ಟೆಗಳ ಪಟ್ಟಿ ಬರೆಯಲು ಕಾಗದ ಸಿಗಲಿಲ್ಲವಂತೆ. ಮೇಣ, ಸಾಬೂನು ಬೆರೆತ ಶಾಯಿಯಲ್ಲಿ ಹತ್ತಿರವಿದ್ದ ಕಲ್ಲಿನ ಮೇಲೆಯೇ ಬರೆದೆ ಅಂತ ಆತನೇ ಹೇಳಿಕೊಂಡಿದ್ದಾನೆ. 1796ರಲ್ಲಿ ಹೀಗೆ ಶುರುವಾದ ಪ್ರಯೋಗ ಒಂದೆರಡು ವರ್ಷದಲ್ಲಿ ಹೊಸ ಮುದ್ರಣ ವಿಧಾನವೇ ಆಯಿತು. ಅದಕ್ಕೆ ಸೋಲ್ನ್‌ಹೋಫೆನ್ ಸೀಮೆಯ ಸುಣ್ಣದ ಕಲ್ಲು ಹೆಸರುವಾಸಿ. ಎಷ್ಟು ನಯ ಅಂದರೆ, 1861ರಲ್ಲಿ ಅದೇ ಕಲ್ಲಿನೊಳಗೆ ಪುರಾತನ ಹಕ್ಕಿಯೊಂದರ ಗರಿಯ ಎಳೆಗಳೂ ಅಚ್ಚಾಗಿ ಸಿಕ್ಕವು. ಆ ಹಕ್ಕಿಗೆ ಆರ್ಕಿಯಾಪ್ಟೆರಿಕ್ಸ್ ಲಿಥೋಗ್ರಾಫಿಕಾ ಅಂತ ಹೆಸರಿಟ್ಟರು.

ಕೆಲಸ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಮೊದಲು ಕಲ್ಲಿನ ಮೇಲೆ ಕಾರ್ಬೊರಂಡಮ್ ಪುಡಿ ಉದುರಿಸಿ, ನೀರು ಹಾಕಿ, ಸಮ ಆಗುವ ತನಕ ಉಜ್ಜುತ್ತಾರೆ. ಒಣಗಿದ ಮೇಲೆ ಮೇಣ, ಸಾಬೂನು, ಕೊಬ್ಬು, ದೀಪದ ಮಸಿ ಸೇರಿಸಿ ಮಾಡಿದ ಕಡ್ಡಿಯಿಂದ ಚಿತ್ರ ಬರೆಯುತ್ತಾರೆ. ಕೈ ಊರುವ ಹಾಗಿಲ್ಲ. ಚರ್ಮದ ಎಣ್ಣೆಯೇ ಸಾಕು, ಬೆರಳ ಗುರುತು ಅಚ್ಚಿನಲ್ಲಿ ಕಂಡುಬಿಡುತ್ತದೆ. ಕಡ್ಡಿಯ ಕೊಬ್ಬು ಕಲ್ಲಿನ ಕ್ಯಾಲ್ಸಿಯಂ ಜೊತೆ ಕೂಡುತ್ತದೆ. ಬಕೆಟ್ಟಿನ ಜಿಡ್ಡು ಅಂದೆನಲ್ಲ, ಅದೇ ಜಾತಿಯ ವಸ್ತು ಇಲ್ಲೂ ಹುಟ್ಟುತ್ತದೆ.

ಆಮೇಲೆ ಜಾಲಿ ಜಾತಿಯ ಮರದ ಅಂಟಿಗೆ ಕೆಲವೇ ಹನಿ ನೈಟ್ರಿಕ್ ಆಮ್ಲ ಬೆರೆಸಿ ಬಳಿಯುತ್ತಾರೆ. ಸಣ್ಣಗೆ ಗುಳ್ಳೆ ಏಳುತ್ತವೆ. ಕಲ್ಲಿನಿಂದ ಹೊರಟ ಕಾರ್ಬನ್ ಡೈಆಕ್ಸೈಡ್ ಅದು. ಗೆರೆ ಇಲ್ಲದ ಕಡೆಯೆಲ್ಲ ಅಂಟು ತೆಳ್ಳಗೆ ಕೂತು ನೀರು ಹಿಡಿಯುವ ಪದರವಾಗುತ್ತದೆ. ಇದಾದ ಮೇಲೆ ಟರ್ಪೆಂಟೈನ್ ಹಾಕಿ ಚಿತ್ರವನ್ನು ಒರೆಸಿಬಿಡುತ್ತಾರೆ! ಮೊದಲ ಸಲ ನೋಡುವವರಿಗೆ ಎದೆ ಧಸಕ್ಕೆನ್ನುತ್ತದೆ. ಕಡ್ಡಿಯ ಕಪ್ಪು ಹೋಗುತ್ತದೆ, ಕಲ್ಲಿಗೆ ಕೂಡಿಕೊಂಡ ಕೊಬ್ಬು ಹೋಗೋದಿಲ್ಲ. ಈಗ ಸ್ಪಂಜಿನಿಂದ ನೀರು ಸವರಿ, ಎಣ್ಣೆಮಸಿ ಹಚ್ಚಿದ ರೋಲರ್ ಉರುಳಿಸಿದರೆ ಹೋದ ಗೆರೆಗಳೆಲ್ಲ ಒಂದೊಂದಾಗಿ ಮೂಡುತ್ತವೆ. ಒದ್ದೆ ಜಾಗ ಮಸಿಯನ್ನು ಹತ್ತಿರ ಬಿಟ್ಟುಕೊಳ್ಳೋದಿಲ್ಲ, ಕೊಬ್ಬಿನ ಜಾಗ ಬಾ ಅನ್ನುತ್ತದೆ. ಕೆತ್ತಿದ ತಗ್ಗಿಲ್ಲ, ಎದ್ದು ನಿಂತ ಉಬ್ಬಿಲ್ಲ. ಇಂದಿನ ಆಫ್‌ಸೆಟ್ ಮುದ್ರಣವೂ ನೀರು ಮತ್ತು ಎಣ್ಣೆಯ ಇದೇ ವೈರದಿಂದ ನಡೆಯುತ್ತದೆ.

ನದಿಯ ಚಿತ್ರಕ್ಕೆ ಕಡ್ಡಿಗಿಂತ ಚೆನ್ನಾಗಿ ಒಗ್ಗುವುದು ಇನ್ನೊಂದಿದೆ. ಅದೇ ಕೊಬ್ಬಿನ ಶಾಯಿಯನ್ನು ನೀರಿನಲ್ಲಿ ಕದಡಿ ಕಲ್ಲಿನ ಮೇಲೆ ಹರಿಯಬಿಡುವುದು. ನಿಂತ ನೀರಿನ ಅಂಚು ತೆಳ್ಳಗಿರುತ್ತದೆ, ಅಲ್ಲಿ ಬೇಗ ಆರುತ್ತದೆ. ಅದನ್ನು ತುಂಬಲು ನಡುವಿನ ನೀರು ಅಂಚಿನತ್ತ ಸರಿಯುತ್ತದೆ, ಕರಿ ಕಣಗಳನ್ನೂ ಎಳೆದುಕೊಂಡು ಹೋಗುತ್ತದೆ. ಪೂರ್ತಿ ಒಣಗಿದಾಗ ಬಲೆಯಂಥ ಗೆರೆಗಳು, ಉಂಗುರಗಳು, ಕವಲುಗಳು ಉಳಿಯುತ್ತವೆ. 2020ರ ಅಕ್ಟೋಬರ್‌ನಲ್ಲಿ ಭೀಮೆಗೆ ಬಂದ ದೊಡ್ಡ ನೆರೆ ಇಳಿದ ಮೇಲೆ ದಂಡೆಯ ಹೊಲಗಳನ್ನು ನೋಡಿದವರಿಗೆ ಈ ಗೆರೆಗಳ ಪರಿಚಯ ಸಿಗುತ್ತದೆ. ಎರಡರ ಕಾರಣ ಪೂರ್ತಿ ಒಂದೇ ಅಲ್ಲ. ಆದರೂ ಎರಡೂ ಕಡೆ ಬರೆದದ್ದು ಹೊರಟುಹೋಗುವ ನೀರೇ. ಕಲಾವಿದರ ಕೈ ಇಲ್ಲಿ ತುಸು ಹಿಂದೆ ಸರಿಯಬೇಕು. ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಈ ಘಟ್ಟವೇ.

ಒಂದು ಎಚ್ಚರ ಬೇಕು. ಕಲ್ಲಿನಿಂದ ನೇರ ಕಾಗದಕ್ಕೆ ಬಂದ ಅಚ್ಚು ಎಡಬಲ ಅದಲುಬದಲಾಗುತ್ತದೆ. ಭೀಮೆಯ ನಕ್ಷೆಯನ್ನು ಕಲ್ಲಿನ ಮೇಲೆ ಇದ್ದಂತೆಯೇ ಬರೆದರೆ, ಮಹಾರಾಷ್ಟ್ರದಿಂದ ಬರಬೇಕಾದ ನದಿ ಕಾಗದದಲ್ಲಿ ತೆಲಂಗಾಣದಿಂದ ಬರುತ್ತದೆ. ಅದಕ್ಕೆ ಕನ್ನಡಿ ಹಿಡಿದು ನೋಡುತ್ತಾ ಬರೆಯುತ್ತಾರೆ.

ಕನ್ನಡಕ್ಕೆ ಕಲ್ಲಚ್ಚು ಹೊಸದೇನಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಬಂದದ್ದು ಕಲ್ಲಚ್ಚಿನಲ್ಲೇ. ರಾಜಾ ರವಿವರ್ಮ 1894ರಲ್ಲಿ ಮುಂಬೈಯ ಘಾಟ್ಕೋಪರ್‌ನಲ್ಲಿ ಪ್ರೆಸ್ ಹಾಕಿದ. ನಮ್ಮ ದೇವರ ಕೋಣೆಗಳಿಗೆ ಬಂದ ಲಕ್ಷ್ಮಿ, ಸರಸ್ವತಿಯರ ಚಿತ್ರ ಅಚ್ಚಾದದ್ದು ಅಲ್ಲಿ, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಆ ಪ್ರೆಸ್ ಮುಂದೆ ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ಕಲ್ಲುಗಳು ಜರ್ಮನಿಯವು. ಆದರೆ ಮಳವಲಿ ಇರುವುದು ಇಂದ್ರಾಯಣಿ ಕಣಿವೆಯಲ್ಲಿ. ಅಲ್ಲಿ ಬಿದ್ದ ಮಳೆ ಇಂದ್ರಾಯಣಿಯಾಗಿ ಹರಿದು, ತುಳಾಪುರದ ಬಳಿ ಭೀಮೆಗೆ ಕೂಡಿ, ಕೊನೆಗೆ ನಮ್ಮ ಸುಣ್ಣದ ಕಲ್ಲಿನ ಸೀಮೆಗೇ ಬರುತ್ತದೆ.

ಹಾಗಾದರೆ ನಮ್ಮ ಕಲ್ಲಿನ ಮೇಲೆಯೇ ಯಾಕೆ ಅಚ್ಚು ಹಾಕಬಾರದು? ಚಿತ್ರ ಹಿಡಿದಿಡುವುದು ಈ ಕಲ್ಲಿಗೆ ಅಭ್ಯಾಸವೇ. ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ, ಭೀಮೆಯ ದಂಡೆಯ ಮೇಲೆ, ಸುಮಾರು 2000 ವರ್ಷ ಹಳೆಯ ಸುಣ್ಣದ ಕಲ್ಲಿನ ಶಿಲ್ಪಗಳಿವೆ. ಅದರಲ್ಲೊಂದರ ಮೇಲೆ ‘ರಾಯಾ ಅಸೋಕೋ’, ಅಂದರೆ ರಾಜ ಅಶೋಕ, ಅಂತ ಬ್ರಾಹ್ಮಿಯಲ್ಲಿ ಬರೆದಿದೆ. ಅಶೋಕನ ಬಟ್ಟೆಯ ಮಡಿಕೆ, ಆಭರಣ ಇವತ್ತಿಗೂ ಕಾಣುತ್ತವೆ.

ಕಷ್ಟ ಇದೆ. ಶಹಾಬಾದ್ ಕಲ್ಲಿನಲ್ಲಿ ಜೇಡಿ, ಸಿಲಿಕಾ ಬೆರೆತಿರುತ್ತವೆ. ಅವು ಕೊಬ್ಬನ್ನು ಕ್ಯಾಲ್ಸಿಯಂನಂತೆ ಹಿಡಿಯೋದಿಲ್ಲ, ಅಚ್ಚು ಅಲ್ಲಲ್ಲಿ ಬಿಟ್ಟುಹೋಗಬಹುದು. ತೆಳು ಹಲಗೆ ಪ್ರೆಸ್ಸಿನ ಒತ್ತಡಕ್ಕೆ ಒಡೆಯುತ್ತದೆ. ಹಾಗಾಗಿ ದಪ್ಪನೆಯ, ಗೆರೆ ಕಮ್ಮಿ ಇರುವ, ಒಂದೇ ಬಣ್ಣದ ತುಂಡನ್ನು ಆರಿಸಬೇಕು. ಮೂಲೆಯಲ್ಲಿ ನಿಂಬೆರಸ ಹನಿಸಿದರೆ ಎಲ್ಲ ಕಡೆ ಒಂದೇ ಸಮ ಮಂಕಾಗಬೇಕು. ಮೊದಲು ಅಂಗೈಯಷ್ಟು ಜಾಗದಲ್ಲಿ ಬರೆದು ನೋಡಬಹುದು. ನಮ್ಮ ಕಲಾ ಶಾಲೆಗಳ ಹುಡುಗ ಹುಡುಗಿಯರು ರಸಾಯನಶಾಸ್ತ್ರ ಓದುವ ಗೆಳೆಯರನ್ನೂ ಜೊತೆಗೆ ಕರೆದುಕೊಂಡು ಶಹಾಬಾದ್, ವಾಡಿ, ಸೇಡಂ ಗಣಿಗಳ ಕಲ್ಲುಗಳನ್ನು ಒಂದೊಂದಾಗಿ ಹೀಗೆ ಪರೀಕ್ಷೆ ಮಾಡಿದರೆ ಯಾವುದು ಮಸಿ ಹಿಡಿಯುತ್ತದೆ ಅಂತ ಗೊತ್ತಾಗುತ್ತದೆ.