ಸ್ಟಿಯರಿಂಗ್ ಮುಂದಿನ ಕಾರಿನವನ ಕೈಯಲ್ಲಿ

ಪೊಲೀಸ್ ಜೀಪು ಕಾರೊಂದನ್ನು ಬೆನ್ನಟ್ಟುವಾಗ ಜೀಪಿನ ವೇಗ ಎಷ್ಟಿರಬೇಕೆಂದು ತೀರ್ಮಾನಿಸುವವನು ಮುಂದಿನ ಕಾರಿನವನು. ಅವನು 60ರಲ್ಲಿ ಹೋದರೆ ಇವರೂ 60, ಅವನು 110 ಮುಟ್ಟಿದರೆ ಇವರೂ 110. ಯಾವ ಒಳದಾರಿಗೆ ತಿರುಗಬೇಕು, ಎಲ್ಲಿ ಎದುರು ಬದಿಗೆ ನುಗ್ಗಬೇಕು ಎಂಬುದೂ ಅವನದೇ ಆಯ್ಕೆ. ಕುಡಿದಿದ್ದಾನೋ, ಲೈಸೆನ್ಸ್ ಇದೆಯೋ, ಹದಿನಾರು ವರ್ಷದ ಹುಡುಗನೋ ಎಂದು ತಿಳಿಯದ ಒಬ್ಬನ ಕೈಗೆ ಎರಡು ವಾಹನಗಳ ಸ್ಟಿಯರಿಂಗ್ ಒಪ್ಪಿಸಿದಂತೆ ಇದು. ಬೆನ್ನಟ್ಟುವುದು ಸರಿಯೇ ತಪ್ಪೇ ಎಂಬ ಚರ್ಚೆಯನ್ನು ಇಲ್ಲಿಂದಲೇ ಶುರುಮಾಡಬೇಕು.

ಕಾಸರಗೋಡಿನವರಿಗೆ ಇದು ದೂರದ ಊರಿನ ಸಂಗತಿಯಲ್ಲ. ಮದ್ಯ, ಎಂಡಿಎಂಎ ಎಂಬ ಮಾದಕವಸ್ತು, ಹೊಳೆಯಿಂದ ಕದ್ದ ಹೊಯ್ಗೆ (ಮರಳು) ಎಲ್ಲವೂ ಇಲ್ಲಿನ ರಸ್ತೆಗಳಲ್ಲೇ ಓಡುತ್ತವೆ. ಕರ್ನಾಟಕದ ಗಡಿ ದಾಟಲು ತಲಪಾಡಿ ಒಂದೇ ದಾರಿಯೂ ಅಲ್ಲ. ವರ್ಕಾಡಿ, ಬಾಯಾರು, ಅಡ್ಕಸ್ಥಳ, ಗಾಳಿಮುಖ ಎಂದು ಎಷ್ಟೋ ದಾರಿಗಳಿವೆ. 2023ರ ಆಗಸ್ಟಿನಲ್ಲಿ ಕುಂಬಳೆ ಸಮೀಪ ಪೊಲೀಸರು ಹಿಂಬಾಲಿಸಿದ ಕಾರು ಮಗುಚಿ, ಗಾಯಗೊಂಡ ವಿದ್ಯಾರ್ಥಿಯೊಬ್ಬ ಆಸ್ಪತ್ರೆಯಲ್ಲಿ ತೀರಿಕೊಂಡ. ಆ ಪ್ರಕರಣದ ಸರಿತಪ್ಪನ್ನು ಇಲ್ಲಿ ತೂಗುವುದಿಲ್ಲ. ಅಂಥ ಕ್ಷಣದಲ್ಲಿ ರಸ್ತೆಯ ಮೇಲೆ, ಟಯರಿನ ಕೆಳಗೆ, ಚಾಲಕನ ತಲೆಯೊಳಗೆ ಏನಾಗುತ್ತದೆ ಎಂಬುದನ್ನು ಮಾತ್ರ ನೋಡೋಣ.

ವೇಗವನ್ನು ಎತ್ತರಕ್ಕೆ ಬದಲಾಯಿಸಿದರೆ ಅದರ ಅಂದಾಜು ಸಿಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮುರಕಲ್ಲಿನ ಗೋಡೆಗೆ ಬಡಿಯುವುದೂ 14 ಮೀಟರ್ ಮೇಲಿನಿಂದ ನೆಲಕ್ಕೆ ಬೀಳುವುದೂ ಸಮ. ನಮ್ಮ ತೋಟಗಳಲ್ಲಿ ಚೆನ್ನಾಗಿ ಬೆಳೆದ ಅಡಿಕೆಮರ ಹೆಚ್ಚುಕಡಿಮೆ ಅಷ್ಟೆತ್ತರ ಇರುತ್ತದೆ. ವೇಗ 120 ಆದರೆ ಬೀಳುವ ಎತ್ತರ ನಾಲ್ಕು ಪಟ್ಟಾಗುತ್ತದೆ: 57 ಮೀಟರ್, ಒಂದರ ತಲೆಯ ಮೇಲೊಂದು ನಿಲ್ಲಿಸಿದ ನಾಲ್ಕು ಅಡಿಕೆಮರ. ಚಲನಶಕ್ತಿ ಏರುವುದು ವೇಗದ ವರ್ಗಕ್ಕೆ ತಕ್ಕಂತೆ, ಹಾಗಾಗಿ ಈ ಲೆಕ್ಕ. ತೂಕವನ್ನೂ ಸೇರಿಸಿ. ಹೊಯ್ಗೆ ತುಂಬಿ ಒಟ್ಟು 12 ಟನ್ ತೂಗುವ ಟಿಪ್ಪರ್ 60ರಲ್ಲಿ ಬರುತ್ತಿದ್ದರೆ ಅದರಲ್ಲಿರುವ ಶಕ್ತಿ, ಒಂದೂವರೆ ಟನ್ನಿನ ಕಾರು 170ರಲ್ಲಿ ಬರುವಾಗ ಇರುವಷ್ಟು. ಟಿಪ್ಪರನ್ನು ಅಟ್ಟಿಸಿಕೊಂಡು ಹೋಗುವ ಪ್ರತಿ ಸಲವೂ ಈ ಶಕ್ತಿಯನ್ನು ಶಾಲೆ, ಅಂಗಡಿ, ಬಸ್‌ಸ್ಟಾಂಡುಗಳ ಮುಂದೆ ಓಡಿಸುತ್ತಿದ್ದೇವೆ.

ಇಷ್ಟು ಶಕ್ತಿಯನ್ನು ನಿಲ್ಲಿಸಲು ಇರುವುದು ನಾಲ್ಕು ಟಯರುಗಳು, ಒಂದೊಂದು ಟಯರು ರಸ್ತೆಗೆ ತಾಗುವುದು ಅಂಗೈಯಗಲದಷ್ಟು ಜಾಗದಲ್ಲಿ. ಅಪಾಯ ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗುವ ಹೊತ್ತಿಗೆ ಒಂದೂವರೆ ಸೆಕೆಂಡು ಕಳೆದಿರುತ್ತದೆ. 60ರಲ್ಲಿ ಆ ಒಂದೂವರೆ ಸೆಕೆಂಡಿಗೇ 25 ಮೀಟರ್ ದಾಟಿರುತ್ತೇವೆ. ಒಣ ರಸ್ತೆಯಲ್ಲಿ ಬ್ರೇಕು ಹಿಡಿದ ಮೇಲೆ ಇನ್ನೂ 20 ಮೀಟರ್. 100ರಲ್ಲಿ ಒಟ್ಟು ಸುಮಾರು 98 ಮೀಟರ್ ಬೇಕು. ಅದೇ 100, ಮಳೆಗೆ ನೆನೆದ ಡಾಂಬರಿನ ಮೇಲಾದರೆ 140. 120 ಆದರೆ 190 ಮೀಟರ್ ಮೀರುತ್ತದೆ. ರಾತ್ರಿ ಡಿಮ್ ಲೈಟಿನಲ್ಲಿ ಚೆನ್ನಾಗಿ ಕಾಣುವುದು ಹೆಚ್ಚೆಂದರೆ 50–60 ಮೀಟರ್. ಕಂಡ ಮೇಲೆ ನಿಲ್ಲಿಸುವುದು ಆಗದ ಮಾತು.

ಮಳೆಯ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಈ ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿ.ಮೀ.ಗಿಂತ ಹೆಚ್ಚು ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ರಸ್ತೆಯಲ್ಲಿ ನೀರು ನಿಂತಾಗ ಟಯರಿನ ಗೀರುಗಳು ಆ ನೀರನ್ನು ಪಕ್ಕಕ್ಕೆ ತಳ್ಳಬೇಕು. ವೇಗ 80–90 ದಾಟಿದಾಗ ತಳ್ಳಲು ಪುರುಸೊತ್ತೇ ಸಿಗದೆ ಟಯರು ನೀರಿನ ಪದರದ ಮೇಲೆ ತೇಲತೊಡಗುತ್ತದೆ. ಸವೆದ ಟಯರಾದರೆ ಇನ್ನೂ ಕಡಿಮೆ ವೇಗದಲ್ಲೇ ತೇಲುತ್ತದೆ. ತೇಲಿದ ಮೇಲೆ ಸ್ಟಿಯರಿಂಗ್ ತಿರುಗಿಸಿದರೂ ಕಾರು ತಿರುಗುವುದಿಲ್ಲ, ಬ್ರೇಕು ಒತ್ತಿದರೂ ನಿಲ್ಲುವುದಿಲ್ಲ. ಮೊದಲ ಮಳೆ ಬೇರೆಯೇ ರೀತಿಯಲ್ಲಿ ಕೆಟ್ಟದ್ದು: ತಿಂಗಳುಗಟ್ಟಲೆ ರಸ್ತೆಗೆ ಬಿದ್ದ ಎಣ್ಣೆ ಮತ್ತು ಧೂಳು ಸೇರಿ ಲೋಳೆಯಾಗುತ್ತದೆ.

ತಿರುವಿಗೂ ಇಂಥದೇ ಮಿತಿ ಇದೆ. ಗುಡ್ಡ ಕಡಿದು ಮಾಡಿದ ರಸ್ತೆಯಲ್ಲಿ 50 ಮೀಟರ್ ತ್ರಿಜ್ಯದ, ಓರೆಯಿಲ್ಲದ ಸಮತಟ್ಟಾದ ತಿರುವು ಎಂದಿಟ್ಟುಕೊಳ್ಳಿ. ಒಣಗಿದ್ದಾಗ ಟಯರು ಹಿಡಿದಿಡಬಲ್ಲ ಗರಿಷ್ಠ ವೇಗ 67, ನೆನೆದಾಗ 50. ಚಾಲಕ ಎಷ್ಟೇ ನುರಿತವನಾದರೂ ಈ ಸಂಖ್ಯೆ ಬದಲಾಗದು. ಅದನ್ನು ಮೀರಿದ ಕಾರು ನೇರ ಹೊರಗೆ ಜಾರುತ್ತದೆ. ಎತ್ತರದ ಜೀಪು ಜಾರುತ್ತಾ ಹೋಗಿ ಚಕ್ರ ರಸ್ತೆಯಂಚಿನ ಮಣ್ಣಿಗೆ ಸಿಕ್ಕಿದ ಕೂಡಲೇ ಮಗುಚುತ್ತದೆ. ಚೆರ್ಕಳದಿಂದ ಮುಳ್ಳೇರಿಯ ದಾಟಿ ಜಾಲ್ಸೂರಿಗೆ ಹೋಗುವ ದಾರಿಯನ್ನು ಬಲ್ಲವರಿಗೆ ಎಷ್ಟು ತಿರುವುಗಳೆಂದು ಹೇಳಬೇಕಾಗಿಲ್ಲ.

ಸೈರನ್ ಹಾಕಿದ್ದೇವಲ್ಲ, ಜನ ದಾರಿ ಬಿಡುತ್ತಾರೆ ಎಂಬ ನಂಬಿಕೆ ಬಲವಾಗಿದೆ. ಶಬ್ದದ ಲೆಕ್ಕ ಬೇರೆಯೇ ಹೇಳುತ್ತದೆ. ದೂರ ದುಪ್ಪಟ್ಟಾದಂತೆಲ್ಲ ಸೈರನ್ನಿನ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಗಾಜು ಏರಿಸಿದ ಕಾರಿನೊಳಗೆ ಕೂತವನಿಗೆ ಇನ್ನೊಂದು 25–30 ಡೆಸಿಬೆಲ್ ಕಡಿಮೆ. ಎಸಿ, ಹಾಡು, ಮಳೆಯ ಸದ್ದು ಅದರ ಮೇಲೆ. ಅಡ್ಡರಸ್ತೆಯ ಮೂಲೆಯಲ್ಲಿ ಕಟ್ಟಡವಿದ್ದರೆ ಶಬ್ದ ಬರುತ್ತಿರುವ ದಿಕ್ಕೂ ತಿಳಿಯದು. ಅಂಥವನಿಗೆ 100 ಮೀಟರ್ ದೂರದಲ್ಲಿ ಸೈರನ್ ಕೇಳಿಸಿತು ಎಂದೇ ಇಟ್ಟುಕೊಳ್ಳೋಣ. 120ರಲ್ಲಿ ಬರುವ ಜೀಪು ಅವನನ್ನು ಮುಟ್ಟಲು ಮೂರು ಸೆಕೆಂಡು ಸಾಕು. ಅದರಲ್ಲಿ ಅರ್ಧ, ಕೇಳಿದ್ದು ಏನೆಂದು ಅರ್ಥವಾಗುವುದಕ್ಕೇ ಹೋಯಿತು. ಇದಕ್ಕಿಂತ ದೊಡ್ಡ ತೊಂದರೆಯೊಂದಿದೆ: ಮೊದಲು ಬರುವ ವಾಹನಕ್ಕೆ ಸೈರನ್ನೇ ಇಲ್ಲ. ರಸ್ತೆ ದಾಟುವವರು ಸೈರನ್ ಎಲ್ಲಿಂದ ಎಂದು ಕತ್ತು ತಿರುಗಿಸಿ ಹುಡುಕುತ್ತಿರುವಾಗಲೇ ತಪ್ಪಿಸಿಕೊಳ್ಳುವವನ ಕಾರು ಬಂದು ಬಡಿಯುತ್ತದೆ.

ಜೀಪಿನೊಳಗಿನ ಮನಸ್ಸಿಗೂ ಮಿತಿಯಿದೆ. ಎದೆಬಡಿತ ಏರಿ ಅಡ್ರಿನಲಿನ್ ಹರಿಯತೊಡಗಿದಾಗ ಗಮನ ಕಿರಿದಾಗುತ್ತದೆ. ಕಣ್ಣಿನ ಅಂಚಿನಲ್ಲಿರುವ ಸೈಕಲ್ಲು, ಮಗು, ಪಕ್ಕದ ರಸ್ತೆಯಿಂದ ಮೂತಿ ತೋರಿಸುವ ರಿಕ್ಷಾ ಮನಸ್ಸಿಗೆ ಇಳಿಯುವುದಿಲ್ಲ. ವಯರ್‌ಲೆಸ್ಸಿನ ಮಾತೂ ಕೆಲವೊಮ್ಮೆ ಕೇಳಿಸುವುದಿಲ್ಲ. ಕಾಣುವುದು ಮುಂದಿನ ಕಾರಿನ ಹಿಂದಿನ ಎರಡು ಕೆಂಪು ದೀಪ. ಅದನ್ನು ಬಿಡಬಾರದೆಂದು ಜೀಪು ಹತ್ತಿರ ಹೋಗುತ್ತದೆ. 100ರ ವೇಗದಲ್ಲಿ 15 ಮೀಟರ್ ಅಂತರವೆಂದರೆ ಅರ್ಧ ಸೆಕೆಂಡು, ಬ್ರೇಕಿಗೆ ಕಾಲು ಹೋಗಲು ಬೇಕಾದ ಸಮಯದ ಮೂರನೇ ಒಂದು ಪಾಲು. ಇಂಥ ಸ್ಥಿತಿಯಲ್ಲಿರುವವನನ್ನೇ 'ಮುಂದುವರಿಯಬೇಕೋ ನಿಲ್ಲಿಸಬೇಕೋ ನೀನೇ ನೋಡಿಕೋ' ಎನ್ನುವುದು ಅವನಿಗೆ ಮಾಡುವ ಅನ್ಯಾಯ. ತೀರ್ಮಾನ ಕಂಟ್ರೋಲ್ ರೂಮಿನಲ್ಲಿ ಕೂತ, ನಾಡಿಬಡಿತ ಸರಿಯಾಗಿರುವ ಮೇಲಧಿಕಾರಿಯದಾಗಬೇಕು.

ಬೆನ್ನಟ್ಟುವುದರಿಂದಾಗುವ ಹಾನಿಯನ್ನು ದಶಕಗಳಿಂದ ಅಳೆದಿರುವುದು ಅಮೆರಿಕ. ಅಲ್ಲಿನ ನ್ಯಾಯ ಇಲಾಖೆಯ ಅಂಕಿಅಂಶದಂತೆ 1996ರಿಂದ 2015ರವರೆಗೆ ಪೊಲೀಸ್ ಬೆನ್ನಟ್ಟುವಿಕೆಗಳಲ್ಲಿ 7000ಕ್ಕೂ ಹೆಚ್ಚು ಮಂದಿ ಸತ್ತರು, ಸರಾಸರಿ ವರ್ಷಕ್ಕೆ 355. ಸತ್ತವರಲ್ಲಿ ಸುಮಾರು ಮೂರನೇ ಒಂದು ಭಾಗ ಯಾವ ಸಂಬಂಧವೂ ಇಲ್ಲದ ದಾರಿಹೋಕರು ಮತ್ತು ಬೇರೆ ವಾಹನದವರು. ಶುರುವಾಗುವ ಕಾರಣಗಳಲ್ಲಿ ದೊಡ್ಡ ಪಾಲು ಸಂಚಾರ ನಿಯಮದ ಉಲ್ಲಂಘನೆ. ಕೊಲೆ, ಅಪಹರಣ ಅಲ್ಲ. ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರಜ್ಞ ಜೆಫ್ರಿ ಆಲ್ಪರ್ಟ್, ಹಾಗೆ ಓಡಿ ಸಿಕ್ಕಿಬಿದ್ದವರನ್ನು ಜೈಲಿನಲ್ಲೇ ಮಾತನಾಡಿಸಿದ್ದರು. ಪೊಲೀಸರು ಹಿಂದೆ ಬರುವುದು ನಿಂತಿದ್ದರೆ ವೇಗ ಇಳಿಸುತ್ತಿದ್ದೆವು ಎಂದು ಅವರಲ್ಲಿ ಬಹುಪಾಲು ಮಂದಿ ಹೇಳಿದರು. ಅಂದರೆ ಅಪಾಯವನ್ನು ಕಡಿಮೆ ಮಾಡುವ ಒಂದು ಸ್ವಿಚ್ಚು ಪೊಲೀಸರ ಕೈಯಲ್ಲೇ ಇದೆ.

ಕಾನೂನು ಒಪ್ಪುತ್ತದೆ ಎಂದಮಾತ್ರಕ್ಕೆ ಮಾಡಬಹುದಾದ ಕೆಲಸವೂ ಅದಾಗುವುದಿಲ್ಲ. 2007ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಓಡುತ್ತಿದ್ದ ಕಾರಿಗೆ ಹಿಂದಿನಿಂದ ಗುದ್ದಿ ನಿಲ್ಲಿಸಿದ ಪೊಲೀಸನ ಪರ ತೀರ್ಪು ಕೊಟ್ಟಿತು. ಆ ಓಟ ಶುರುವಾದದ್ದು 55 ಮೈಲಿಯ ಮಿತಿಯ ರಸ್ತೆಯಲ್ಲಿ 73 ಮೈಲಿ ವೇಗದಲ್ಲಿ ಹೋದದ್ದಕ್ಕೆ. ಯುವಕನ ಕೈಕಾಲು ಶಾಶ್ವತವಾಗಿ ಸೋತುಹೋದವು. ನಮ್ಮಲ್ಲಿ 2019ರ ನವೆಂಬರಿನಲ್ಲಿ ಕೇರಳ ಹೈಕೋರ್ಟು ಎಚ್ಚರದ ಮಾತು ಹೇಳಿತು: ಹೆಲ್ಮೆಟ್ ಹಾಕದವರನ್ನು ಬೆನ್ನಟ್ಟಿ ಹಿಡಿಯಬೇಡಿ, ನಡುರಸ್ತೆಗೆ ನುಗ್ಗಿ ಅಡ್ಡಹಾಕಬೇಡಿ, ಕ್ಯಾಮೆರಾ ಬಳಸಿ. ಬೈಕಿನವನಿಗೆ ಸುತ್ತ ತಗಡೂ ಇಲ್ಲ, ಏರ್‌ಬ್ಯಾಗೂ ಇಲ್ಲ. ಲಾಠಿ ಚಾಚಿದರೆ, ಅಂಗಿ ಹಿಡಿದೆಳೆದರೆ ಅವನ ತಲೆ ನೇರ ಡಾಂಬರಿಗೆ. ತಲೆ ಉಳಿಸಲೆಂದು ಮಾಡಿದ ನಿಯಮಕ್ಕಾಗಿ ತಲೆಯೊಡೆಯುವ ದಾರಿ ಅದು. 2023ರ ಜೂನ್ 5ರಿಂದ ದಂಡ ಹಾಕತೊಡಗಿದ ಕೇರಳದ 726 ಕ್ಯಾಮೆರಾಗಳಲ್ಲಿ 675 ಹೆಲ್ಮೆಟ್, ಸೀಟ್‌ಬೆಲ್ಟಿನಂಥ ತಪ್ಪುಗಳನ್ನೇ ಹಿಡಿಯುವಂಥವು. ಮೋಟಾರು ವಾಹನ ಕಾಯ್ದೆಯ 133ನೇ ಸೆಕ್ಷನ್ ಪ್ರಕಾರ, ಓಡಿಸುತ್ತಿದ್ದವನು ಯಾರೆಂದು ಪೊಲೀಸರು ಕೇಳಿದರೆ ಮಾಲೀಕ ಹೇಳಲೇಬೇಕು. ನಂಬರ್ ಬರೆದುಕೊಂಡು ಮರುದಿನ ಬೆಳಿಗ್ಗೆ ಮನೆ ಬಾಗಿಲಿಗೆ ಹೋಗಬಹುದು.

ಪ್ರಾಯಕ್ಕೆ ಬಾರದ ಹುಡುಗರು ಯಾಕೆ ನಿಲ್ಲಿಸದೆ ಓಡುತ್ತಾರೆ ಎಂಬುದಕ್ಕೂ ಒಂದು ಉತ್ತರ ಕಾಯ್ದೆಯಲ್ಲೇ ಇದೆ. 2019ರ ತಿದ್ದುಪಡಿಯ ನಂತರ, ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಶಿಕ್ಷೆ ಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ಜೀಪು ಕಂಡಾಗ ಆ ಹುಡುಗನ ತಲೆಯಲ್ಲಿ ಬರುವುದು ಅಪ್ಪನ ಮುಖ, ತಿರುವಿನ ತ್ರಿಜ್ಯವಲ್ಲ. ಅವನು ಭಯಕ್ಕೆ ಓಡುತ್ತಾನೆಂದು ತಿಳಿದಿರುವ ನಾವು ಹಿಂದೆ ಬಿದ್ದು ಭಯ ಹೆಚ್ಚಿಸಬಾರದು.

ಹಾಗಾದರೆ ಬೆನ್ನಟ್ಟಲೇಬಾರದೇ? ಹಾಗಲ್ಲ. ಮಗುವನ್ನು ಎತ್ತಿಕೊಂಡು ಹೋಗುತ್ತಿರುವವನು, ಕೈಯಲ್ಲಿ ಆಯುಧ ಹಿಡಿದು ಇನ್ನೊಬ್ಬರನ್ನು ಕೊಲ್ಲಲು ಹೊರಟವನು, ಕುಡಿದು ಈಗಾಗಲೇ ಜನರ ಮೇಲೆ ಗಾಡಿ ಹತ್ತಿಸುತ್ತಿರುವವನು: ಇವರನ್ನು ಬಿಟ್ಟರೆ ಆಗುವ ಹಾನಿ, ಬೆನ್ನಟ್ಟಿದರೆ ಆಗಬಹುದಾದ ಹಾನಿಗಿಂತ ದೊಡ್ಡದು. ಪೂರ್ತಿ ಬಿಗಿ ಮಾಡಿದರೂ ತೊಡಕಿದೆ. ನ್ಯೂಜಿಲೆಂಡಿನ ಪೊಲೀಸರು 2020ರ ಡಿಸೆಂಬರಿನಲ್ಲಿ ಬೆನ್ನಟ್ಟುವುದನ್ನು ಬಹಳ ಮಟ್ಟಿಗೆ ಕಡಿಮೆ ಮಾಡಿದರು. ನಿಲ್ಲಿಸದೆ ಓಡುವವರ ಸಂಖ್ಯೆ ಏರಿತು. 2023ರಲ್ಲಿ ನಿಯಮವನ್ನು ಮತ್ತೆ ಸಡಿಲಿಸಿದರು. ಈ ಅನುಭವವನ್ನು ಪಕ್ಕಕ್ಕೆ ಸರಿಸುವಂತಿಲ್ಲ. ನನ್ನ ನಿಲುವು ಇಷ್ಟು: ನಾಳೆ ಹಿಡಿಯಬಹುದಾದವನನ್ನು ನಾಳೆ ಹಿಡಿಯಬೇಕು, ನಾಳೆಯೊಳಗೆ ಯಾರನ್ನಾದರೂ ಕೊಲ್ಲಬಲ್ಲವನನ್ನು ಮಾತ್ರ ಇವತ್ತೇ ಬೆನ್ನಟ್ಟಬೇಕು. ಹೊಯ್ಗೆ ಟಿಪ್ಪರಿನ ನಂಬರಿಗೆ ಕೆಸರು ಬಳಿದಿರುತ್ತಾರೆ, ನಾಳೆ ಸಿಗುವುದಿಲ್ಲ ಎನ್ನಬಹುದು. ಆದರೆ ಟಿಪ್ಪರ್ ಹೊಯ್ಗೆ ತುಂಬಲು ಹೊಳೆಯ ಕಡವಿಗೆ ಬರಲೇಬೇಕು, ಅಲ್ಲಿ ಅದು ನಿಂತಿರುತ್ತದೆ.

ಬೆನ್ನಟ್ಟುವುದೇ ಅನಿವಾರ್ಯವಾದರೆ ಕ್ರಮ ಇರಬೇಕು. ಮೊದಲ ಅರ್ಧ ನಿಮಿಷದಲ್ಲಿ ವಯರ್‌ಲೆಸ್ಸಿನಲ್ಲಿ ಹೋಗಬೇಕಾದದ್ದು: ನಂಬರ್, ಬಣ್ಣ, ದಿಕ್ಕು, ವೇಗ, ಒಳಗೆ ಎಷ್ಟು ಜನ, ಮಳೆ ಇದೆಯೇ, ರಸ್ತೆಯಲ್ಲಿ ಎಷ್ಟು ವಾಹನ, ಎಲ್ಲಕ್ಕಿಂತ ಮುಖ್ಯವಾಗಿ ಯಾವ ಅಪರಾಧಕ್ಕಾಗಿ. ಹಿಂದೆ ಹೋಗಬೇಕಾದ್ದು ಎರಡೇ ವಾಹನ. ಮಾತನಾಡುವ ಕೆಲಸ ಎರಡನೆಯದರದ್ದು, ಮೊದಲನೆಯದರ ಚಾಲಕ ರಸ್ತೆ ಮಾತ್ರ ನೋಡಲಿ. ಬ್ರಿಟನ್ನಿನಲ್ಲಿ ಇದಕ್ಕೆಂದೇ ತರಬೇತಿಯಾದ ಚಾಲಕರಿರುತ್ತಾರೆ. ರಸ್ತೆಗೆ ಎಸೆಯುವ ಮುಳ್ಳಿನ ಪಟ್ಟಿಯ ಮೊಳೆಗಳು ಟೊಳ್ಳಾಗಿರುವುದಕ್ಕೂ ಕಾರಣವಿದೆ: ಟಯರು ಸಿಡಿಯದೆ ಗಾಳಿ ನಿಧಾನ ಇಳಿದು ಕಾರು ಹತೋಟಿಯಲ್ಲೇ ನಿಲ್ಲಬೇಕು. ದ್ವಿಚಕ್ರ ವಾಹನಕ್ಕೆ ಅದನ್ನು ಎಂದೂ ಹಾಕಕೂಡದು. ಕೆಲವೆಡೆ ಸಂಕುಚಿತ ಗಾಳಿಯಿಂದ ಜಿಪಿಎಸ್ ಅಂಟಿಸಿ ಜೀಪನ್ನು ಹಿಂದೆ ಬಿಟ್ಟುಬಿಡುತ್ತಾರೆ.

ನಮ್ಮಲ್ಲಿ ಹೆಚ್ಚಾಗಿ ತಪ್ಪಾಗುವುದು ಬ್ಯಾರಿಕೇಡ್ ಇಡುವ ಜಾಗದಲ್ಲಿ. ತಿರುವು ಮುಗಿದೊಡನೆ, ಬೆಳಕಿಲ್ಲದ ಕಡೆ, ಲಾರಿ ಅಡ್ಡ ನಿಲ್ಲಿಸಿದರೆ ಅದು ತಡೆಯಲ್ಲ, ಗೋಡೆ. ಮಳೆಯಲ್ಲಿ 100ರಲ್ಲಿ ಬರುವವನಿಗೆ ನಿಲ್ಲಲು 140 ಮೀಟರ್ ಬೇಕು. ಕನಿಷ್ಠ 300 ಮೀಟರ್ ದೂರದಿಂದಲೇ ಮಿನುಗುವ ದೀಪ ಕಾಣಬೇಕು, ಒಂದು ವಾಹನ ಹೋಗುವಷ್ಟು ಸಂದು ಬಿಟ್ಟಿರಬೇಕು, ಪೊಲೀಸರು ಸಂದಿನಲ್ಲಿ ನಿಲ್ಲದೆ ಅಂಚಿನ ತಡೆಗಟ್ಟೆಯ ಆಚೆ ಇರಬೇಕು.

ಗಡಿ ದಾಟಿದರೆ ಕೇರಳದ ಜೀಪು ತಲಪಾಡಿಯಲ್ಲಿ ನಿಲ್ಲಬೇಕು ಎಂಬ ಮಾತನ್ನು ಅನೇಕರು ನಂಬುತ್ತಾರೆ. ಅದು ಸರಿಯಲ್ಲ. ವಾರಂಟಿಲ್ಲದೆ ಬಂಧಿಸಬಹುದಾದವನನ್ನು ಭಾರತದ ಯಾವ ಸ್ಥಳಕ್ಕಾದರೂ ಹಿಂಬಾಲಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 45ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆದರೆ ಆ ಅವಕಾಶವನ್ನು ಬಳಸುವ ಅಗತ್ಯ ಅಪರೂಪ. ಕುಂಬಳೆಯಿಂದ ತಲಪಾಡಿಗೆ 20 ಕಿ.ಮೀ.ಗಿಂತ ಹೆಚ್ಚಿದೆ, 100ರಲ್ಲಿ ಓಡಿದರೂ 12 ನಿಮಿಷ ಬೇಕು, ಫೋನಿಗೆ ಒಂದು ನಿಮಿಷ ಸಾಕು. ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಆರು ಪಥದ ಹೆದ್ದಾರಿ 66ರಲ್ಲಿ ಹೊರಬರುವ ಬಾಯಿಗಳು ಎಣಿಸಬಹುದಾದಷ್ಟೇ. ಹಿಂದೆ ಓಡುವುದಕ್ಕಿಂತ ಅಲ್ಲಿ ಮುಂದೆ ಹೋಗಿ ಕಾಯುವುದು ಸುಲಭ.

ರಸ್ತೆ ಬದಿಯಲ್ಲಿರುವವರಿಗೂ ಒಂದು ಮಾತು. ಸೈರನ್ ಕೇಳಿಸಿದರೆ ನೋಡಲೆಂದು ಅಂಚಿಗೆ ಬರಬೇಡಿ, ಹಿಂದಕ್ಕೆ ಸರಿಯಿರಿ. ಮಕ್ಕಳ ಕೈ ಹಿಡಿಯಿರಿ. ಅತಿವೇಗದ ಕಾರೊಂದು ದಾಟಿಹೋದ ಮೇಲೆ ರಸ್ತೆ ಖಾಲಿ ಕಂಡರೂ ಇಳಿಯಬೇಡಿ. ಅದರ ಹಿಂದೆ ಜೀಪು ಇದೆ, ಜೀಪಿನ ಹಿಂದೆ ಇನ್ನೊಂದು ಇರಬಹುದು. ಸೈರನ್ ಪೂರ್ತಿ ದೂರವಾಗುವವರೆಗೆ ಕಾದು, ಎರಡೂ ಕಡೆ ನೋಡಿ ದಾಟಿ.