ನೆಟ್ ಹೋದಾಗ ಉಳಿಯುವ ಆಟ

ಜುಲೈ ಮಳೆ ಹಿಡಿದರೆ ವಿರಾಜಪೇಟೆ ಕಡೆಯ ತೋಟದ ಮನೆಗಳಲ್ಲಿ ಮೊದಲು ಕರೆಂಟ್ ಹೋಗುತ್ತದೆ, ಹಿಂದೆಯೇ ನೆಟ್‌ವರ್ಕ್. ಗೆಳೆಯರ ಜೊತೆ ಆಡುವ ಗೇಮ್‌ಗಳೆಲ್ಲ ಬಂದ್. ಇನ್ವರ್ಟರ್ ಇದ್ದವರಿಗೆ ಉಳಿಯುವುದು ಒಬ್ಬರೇ ಕೂತು ಆಡುವ ಕಥೆ, ಅಂದರೆ ಸಿಂಗಲ್ ಪ್ಲೇಯರ್ ಕ್ಯಾಂಪೇನ್.

ಇದು ಶುರುವಾದಾಗ ಚಿತ್ರವೇ ಇರಲಿಲ್ಲ. 1976ರಲ್ಲಿ ಅಮೆರಿಕದ ಪ್ರೋಗ್ರಾಮರ್ ವಿಲ್ ಕ್ರೌಥರ್ ತಾನು ಇಳಿದು ನೋಡಿದ್ದ ಕೆಂಟಕಿಯ ಗುಹೆಗಳನ್ನೇ ಆಟ ಮಾಡಿದ. ಎತ್ತ ಹೋಗಬೇಕೆಂದು ಟೈಪ್ ಮಾಡಿದರೆ, ಅಲ್ಲಿ ಏನಿದೆ ಎಂದು ಅಕ್ಷರಗಳು ಹೇಳುತ್ತಿದ್ದವು. 1993ರ ಡೂಮ್ ಎಂಬ ಗುಂಡು ಹಾರಿಸುವ ಗೇಮ್‌ಗೆ ಚಿತ್ರ ಜೋರಾಗಿತ್ತು, ಕಥೆ ಮಾತ್ರ ಸುಮ್ನೆ ನೆಪಕ್ಕೆ.

ನಮ್ಮ ಕೊಡಗಿನ ಮದುವೆ ಮನೆಯಲ್ಲಿ ನಾಲ್ವರು ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ಹಾಡುತ್ತಾ ಕಥೆ ಹೇಳಿದರೆ, ನಾವು ಕೂತು ಕೇಳಬೇಕು. ಎಷ್ಟೋ ಗೇಮ್‌ಗಳೂ ಹಾಗೇ ಮಾಡುತ್ತಿದ್ದವು: ಆಟ ನಿಲ್ಲಿಸಿ, ಸಿನಿಮಾ ತೋರಿಸಿ, ಮತ್ತೆ ಆಡಲು ಬಿಡುವುದು. 1998ರ ಹಾಫ್-ಲೈಫ್ ಅದನ್ನು ಒಪ್ಪಲಿಲ್ಲ. ಗೋರ್ಡನ್ ಫ್ರೀಮನ್ ಎಂಬ ವಿಜ್ಞಾನಿ ಟ್ರಾಮಿನಲ್ಲಿ ಕೂತು ಕೆಲಸಕ್ಕೆ ಹೋಗುತ್ತಾನೆ. ಹಲವು ನಿಮಿಷ ಗುಂಡು ಹಾರುವುದಿಲ್ಲ. ಗಾಜಿನಾಚೆ ಏನು ನೋಡಬೇಕೆಂದು ನಾವೇ ತಿರುಗಿ ನೋಡಬೇಕು. ಯಾರೋ ಗಂಭೀರವಾಗಿ ಮಾತಾಡುತ್ತಿದ್ದಾಗ ನಾವು ಪಕ್ಕದಲ್ಲಿ ಕುಪ್ಪಳಿಸುತ್ತಾ ಇರಬಹುದು! ಕಥೆ ನಡೆಯುವಾಗಲೂ ಕೈ ನಮ್ಮದೇ. ನನ್ನ ಪ್ರಕಾರ ದೊಡ್ಡ ತಿರುವು ಅದೇ.

ಅದೇ ಕೈಯನ್ನು 2007ರಲ್ಲಿ ಕಾಲ್ ಆಫ್ ಡ್ಯೂಟಿ 4 ಎಂಬ ಯುದ್ಧದ ಗೇಮ್ ಬೇರೆ ಥರ ಬಳಸಿತು. ಅಣುಬಾಂಬ್ ಸಿಡಿದ ಮೇಲೆ ಬಿದ್ದ ಹೆಲಿಕಾಪ್ಟರಿನಿಂದ ನಾವು ತೆವಳಿಕೊಂಡು ಹೊರಗೆ ಬರುತ್ತೇವೆ. ನಡೆಯುತ್ತೇವೆ, ಮುಗ್ಗರಿಸುತ್ತೇವೆ. ಎಷ್ಟು ಬಟನ್ ಒತ್ತಿದರೂ ಆ ಸೈನಿಕ ಸಾಯುತ್ತಾನೆ. ಸುಮ್ಮನೆ ನೋಡಿದ್ದರೆ ಅಷ್ಟು ತಟ್ಟುತ್ತಿರಲಿಲ್ಲ ಅಲ್ವಾ?

ಇಷ್ಟೆಲ್ಲ ಆದಮೇಲೂ ಕಂಪನಿಗಳಿಗೆ ಕ್ಯಾಂಪೇನ್ ಅಂದರೆ ಲೆಕ್ಕ ಹೊಂದದ ವ್ಯವಹಾರ. ವರ್ಷಗಟ್ಟಲೆ ಕೂತು ಮಾಡಿದ್ದನ್ನು ಜನ ಒಂದೆರಡು ವಾರಾಂತ್ಯದಲ್ಲಿ ಮುಗಿಸಿ ಎದ್ದುಹೋಗುತ್ತಾರೆ. ಆನ್‌ಲೈನ್ ಆಡುವವರು ದಿನಾ ಬರುತ್ತಾರೆ, ದುಡ್ಡೂ ಹಾಕುತ್ತಾರೆ. 2014ರ ಟೈಟನ್‌ಫಾಲ್‌ನಲ್ಲಿ ಒಬ್ಬರೇ ಆಡುವ ಕ್ಯಾಂಪೇನ್ ಇರಲಿಲ್ಲ. 2016ರಲ್ಲಿ ಎರಡನೇ ಭಾಗಕ್ಕೆ ಅದು ಬಂತು, ಅದನ್ನೇ ಜನ ಜಾಸ್ತಿ ಹೊಗಳಿದರು. 2018ರಲ್ಲಿ ಕಾಲ್ ಆಫ್ ಡ್ಯೂಟಿ ಸರಣಿಯದೇ ಆದ ಬ್ಲ್ಯಾಕ್ ಆಪ್ಸ್ 4 ಕ್ಯಾಂಪೇನ್ ಕೈಬಿಟ್ಟಿತು. ಮರುವರ್ಷವೇ ಕಾಲ್ ಆಫ್ ಡ್ಯೂಟಿಗೆ ಅದು ವಾಪಸ್.

ವಾಪಸ್ ಬಂದರೂ ಮೊದಲಿನ ಹಾಗಿಲ್ಲ. ಒಂದೊಂದು ಗೇಮ್ 100 ಜಿಬಿ ದಾಟುತ್ತದೆ. ನಾವು ಬೆಂಗಳೂರಿನಿಂದ ಬರುವವರ ಹಾರ್ಡ್ ಡಿಸ್ಕ್‌ಗೆ ಕಾಯುತ್ತೇವೆ. ಕಳೆದ ಮಳೆಗಾಲದಲ್ಲಿ ಹಾಗೆ ತರಿಸಿದ ಆಟ ತೆರೆದರೆ, ಒಬ್ಬನೇ ಆಡುವ ಕಥೆಗೂ ಲಾಗಿನ್ ಕೇಳಿತು. ನೆಟ್ ಎಲ್ಲಿದೆ?

ಕೊನೆಗೆ ಸೈಬರ್ ಸೆಂಟರ್ ಕಾಲದ ಐಜಿಐ ಹಾಕಿದೆ. 2000ದ ಆಟ. ಮಿಷನ್ ಮಧ್ಯದಲ್ಲಿ ಸೇವ್ ಮಾಡಲು ಬರುವುದಿಲ್ಲ. ಕೊನೆಯ ಕಾವಲುಗಾರನ ಹತ್ತಿರ ಹೋಗುವಷ್ಟರಲ್ಲಿ ಇನ್ವರ್ಟರ್ ಕುಂಯ್ ಅಂದಿತು.