ಹೆಂಡತಿ ಎಕ್ಸೈಸಿನವಳಲ್ಲ

ಕಾಸರಗೋಡಿನ ಕುಂಬಳೆ, ಉಪ್ಪಳ ಕಡೆಯಿಂದ ಬರುವ ಅತ್ತೆಯರು ಹೇಳುವುದು ಹೆಚ್ಚುಕಮ್ಮಿ ಒಂದೇ ಮಾತು: "ಇವಳು ನೋಡಿಕೊಳ್ಳಲಿ ಅಂತಲೇ ಮದುವೆ ಮಾಡಿದ್ದು. ಇವಳಿಗೆ ಗೊತ್ತಾಗಲೇ ಇಲ್ವಾ ಡಾಕ್ಟ್ರೇ?" ಪಕ್ಕದಲ್ಲಿ ಸೊಸೆ ತಲೆ ತಗ್ಗಿಸಿ ಕೂತಿರುತ್ತಾಳೆ. ಎಂಡಿಎಂಎ ಎಂಬ ಮಾದಕ ಪುಡಿ ತಗೊಂಡದ್ದು ಮಗ, ಬೈಗುಳ ಸೊಸೆಗೆ.

ಆಮೇಲೆ ಅವಳು ಮಾದಕ ವಸ್ತು ಹಿಡಿಯುವ ಎಕ್ಸೈಸಿನವರ (ಅಬಕಾರಿ ಇಲಾಖೆಯವರ) ಹಾಗೆ ಕಾವಲು ಶುರುಮಾಡುತ್ತಾಳೆ. ಕಿಸೆ ತಡಕುವುದು, ಫೋನ್ ನೋಡುವುದು, ಅಡಿಕೆ ಮಾರಿದ ದುಡ್ಡು ಎಣಿಸುವುದು. ಇದರಿಂದ ಅವನು ಬಿಡುವುದಿಲ್ಲ ಮಾರಾಯ್ರೆ, ಅಡಗಿಸುವುದನ್ನು ಚೆನ್ನಾಗಿ ಕಲಿಯುತ್ತಾನೆ. ಅವಳಿಗೆ ನಿದ್ದೆ ಹೋಗುತ್ತದೆ. "ಊಟ ಆಯ್ತಾ" ಅಂದರೂ ಅವನಿಗೆ ವಿಚಾರಣೆಯ ಹಾಗೆ ಕೇಳಿಸುತ್ತದೆ.

ಬಿಟ್ಟ ಕೂಡಲೇ ಎಲ್ಲ ಸರಿಹೋಗುತ್ತದಾ? ಇಲ್ಲ. ಇದನ್ನು ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಇಷ್ಟು ದಿನ ಆ ಪುಡಿ ಮಿದುಳಿನಿಂದ ಖುಷಿಯನ್ನು ಹಿಂಡಿ ತೆಗೆದಿರುತ್ತದೆ. ನಿಲ್ಲಿಸಿದರೆ ಕೆಲವರಿಗೆ ವಾರಗಟ್ಟಲೆ ಮಂಕು, ಸಿಡುಕು. ಹತ್ತಿರ ಬರಲೂ ಮನಸ್ಸಿರುವುದಿಲ್ಲ. ಹೆಂಡತಿಗೆ ಎರಡೇ ಅನುಮಾನ: ಬೇರೆ ಯಾರೋ ಇದ್ದಾಳೆ, ಇಲ್ಲವೇ ಮತ್ತೆ ಶುರುಮಾಡಿದ್ದಾನೆ. ಎರಡೂ ಇರಲೇಬೇಕೆಂದಿಲ್ಲ. ಎಲ್ಲರಿಗೂ ಒಂದೇ ಥರ ಆಗುವುದೂ ಇಲ್ಲ. ಆದರೆ ಅವನು ಕೈಮಾಡಿದರೆ, ಸಾಯುವ ಮಾತಾಡಿದರೆ ಕಾಯಬೇಡಿ. ನೀವು ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ, ಸಹಾಯ ಕೇಳಿ.

ಅವನು ಬರಲ್ಲ ಅಂದರೆ ನೀವೊಬ್ಬರೇ ಬನ್ನಿ. ಕೇರಳ ಸರಕಾರದ ವ್ಯಸನಮುಕ್ತಿ ಯೋಜನೆ 'ವಿಮುಕ್ತಿ'ಯ 14405ಕ್ಕೆ ಫೋನ್ ಮಾಡಬಹುದು. ಕೇಸಿನ ಹೆದರಿಕೆಯಿಂದ ಬಾರದವರೂ ಇದ್ದಾರೆ. 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯ 64ಎ ಸೆಕ್ಷನ್‌ನಲ್ಲಿ, ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸಿದ್ದ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ರಕ್ಷಣೆಗೆ ದಾರಿ ಉಂಟು. ಷರತ್ತುಗಳನ್ನು ವಕೀಲರ ಹತ್ತಿರ ಕೇಳಿ, ಅದು ನನ್ನ ಕೆಲಸವಲ್ಲ.

ಬದಿಯಡ್ಕ ಕಡೆಯ ಒಂದು ಜೋಡಿ (ಗುರುತು ಸಿಗದ ಹಾಗೆ ಬದಲಿಸಿದ್ದೇನೆ). ಅವನು ಬಿಟ್ಟು ಆರು ತಿಂಗಳಾಗಿತ್ತು. ಆದರೂ ಹೆಂಡತಿ ನಡುರಾತ್ರಿ ಎಬ್ಬಿಸಿ, ಕಣ್ಣಿಗೆ ಟಾರ್ಚ್ ಬಿಟ್ಟು ಪಾಪೆ ಅಗಲವಾಗಿದೆಯಾ, ಅಂದರೆ ಮತ್ತೆ ತಗೊಂಡಿದ್ದಾನಾ ಅಂತ ನೋಡುತ್ತಿದ್ದಳು. "ಟಾರ್ಚ್ ಬಿಟ್ಟಾಗ ಹಳೆಯದೇ ವಾಸಿ ಅನಿಸ್ತದೆ" ಅಂದ. ಮೂತ್ರ ಪರೀಕ್ಷೆ ಇನ್ನು ನಮ್ಮಲ್ಲೇ, ಮನೆಯಲ್ಲಿ ಯಾವ ತಪಾಸಣೆಯೂ ಬೇಡ ಎಂದು ಮೂವರೂ ಕೂತು ಒಪ್ಪಿದೆವು. ಮೊದಲೆರಡು ವಾರ ಅವಳು ಒಪ್ಪಂದ ಮುರಿದಳು. ಬೈಯಲು ನನಗೆ ಮನಸ್ಸಾಗಲಿಲ್ಲ.

ಮೊನ್ನೆ ಬಂದಾಗ ಅವನೇ ಹೇಳಿದ: ರಾತ್ರಿ ಕರೆಂಟ್ ಹೋಯ್ತು, ಅವಳು ಟಾರ್ಚ್ ತೆಗೆದಳು, ನಾನು ಸುಮ್ನೆ ಎದ್ದು ಕೂತು ಕಣ್ಣು ಅಗಲಿಸಿದೆ. "ನಿಮ್ಮ ಕಣ್ಣು ಯಾರಿಗೆ ಬೇಕು, ಬೆಂಕಿಪೆಟ್ಟಿಗೆ ಎಲ್ಲುಂಟು?" ಅಂದಳಂತೆ.